ಮಾವನವರ ಕಾರಿಗೆ ಕೆಂಪು ದೀಪ

ನೆಟ್ಟಗಿರುವುದನ್ನು ರಿಪೇರಿ ಮಾಡಲು ತುರಿಸುವ ಕೈ ನನ್ನದು. ದಹಿಸರ್‌ನ ನಮ್ಮ ಮನೆಯಲ್ಲಿ ನಾನು ಬಿಚ್ಚಿದ ಗಡಿಯಾರ ಮತ್ತೆ ಹೊತ್ತು ತೋರಿಸಲಿಲ್ಲ. ಇಸ್ತ್ರಿಪೆಟ್ಟಿಗೆಯ ಕಥೆಯನ್ನು ಹೆಂಡತಿಯ ಎದುರು ಎತ್ತುವಂತೆಯೇ ಇಲ್ಲ. ಅಂಥವನ ಕೈಗೆ ಮೈಸೂರಿನ ಮಾವ ತಮ್ಮ ಮೂವತ್ತು ವರ್ಷದ ಕಾರನ್ನು ಒಪ್ಪಿಸಿದ್ದರು. "ಇದ್ದ ಹಾಗೇ ಇಟ್ಕೊಳ್ಳಿ ಅಳಿಯಂದ್ರೇ. ಆಗಲ್ಲ ಅಂದ್ರೆ ಹೇಳಿ, ಚಿಕ್ಕ ಅಳಿಯಂದ್ರು ಪುಣೆಲಿ ಕಾಯ್ತಾ ಕೂತಿದ್ದಾರೆ."

ಮಾವ ನೋಡಲು ಬರುತ್ತೇನೆಂದು ಕಾಗದ ಬರೆಯುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿದ್ದವು. ಎಷ್ಟು ಮಂಕೆಂದರೆ, ಪೆಟ್ರೋಲಿನ ಮುಳ್ಳು ನೋಡಲು ಬೆಂಕಿಕಡ್ಡಿ ಗೀರಬೇಕು. ಅಂಥ ಬಲ್ಬು ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊನೆಗೆ ಧಾರಾವಿಯಲ್ಲಿ ರೇಡಿಯೋ ರಿಪೇರಿ ಮಾಡುವ ಬಿಜಾಪುರದ ಮಲ್ಲಪ್ಪ ಸಿಕ್ಕಿದ. "ಎಲ್‌ಇಡಿ ಹಾಕೂಣ್ರೀ. ಟೇಪ್‌ರೆಕಾರ್ಡರ್‌ದಾಗ ಕೆಂಪಂದು ಇರ್ತೈತಲ್ಲ, ಅದು. ನೀವು ಇರೂತನಾ ಆರಂಗಿಲ್ಲ."

ಹಾಕಿದ. ಮದುವೆ ಮಂಟಪದಂತೆ ಝಗಝಗಿಸಿತು. ಆದರೆ ಸ್ಟೀರಿಂಗ್ ಪಕ್ಕ ಒಂದು ತಿರುಪು ಇತ್ತು. ತಿರುಗಿಸಿದರೆ ದೀಪ ಮೆಲ್ಲಗೆ ಇಳಿಯಬೇಕು. ಕಾರು ಹತ್ತಿದ ಪ್ರತಿ ನೆಂಟನಿಗೂ ಮಾವ ಮೊದಲು ತೋರಿಸುತ್ತಿದ್ದುದೇ ಅದನ್ನು. ಈಗ ಎಷ್ಟು ತಿರುಗಿಸಿದರೂ ದೀಪ ಇಳಿಯದು, ಕೊನೆಯಲ್ಲಿ ಫಕ್ಕನೆ ಆರುವುದು.

"ಇದು ಸಣ್ಣ ಆಗಂಗಿಲ್ರೀ ಸಾಹೇಬ್ರ," ಎಂದ ಮಲ್ಲಪ್ಪ. "ಹತ್ತಿದ್ರ ಪೂರಾ ಹತ್ತತೈತಿ, ಇಲ್ಲಾಂದ್ರ ಇಲ್ಲ. ನಮ್ಮ ಮನಿಯಾಕಿ ಸಿಟ್ಟು ಇದ್ದಂಗ."

ಭಾನುವಾರ ಮಧ್ಯಾಹ್ನ ಕಾಂಪೌಂಡಿನಲ್ಲಿ ಕಾರಿನೊಳಗೆ ಕೂತು, ಬೆಳಕು ಬೀಳದಿರಲೆಂದು ತಲೆಯ ಮೇಲೆ ಕಂಬಳಿ ಹೊದ್ದು, ಕೂದಲೆಳೆಯಷ್ಟೇ ತಿರುಪು ತಿರುಗಿಸುತ್ತ ಎರಡು ಗಂಟೆ ಬೆವರಿದೆ. ವಾಚ್‌ಮನ್ ಗಾಜು ತಟ್ಟಿ, "ಸಾಬ್, ತಬಿಯತ್ ಠೀಕ್ ಹೈ ನಾ?" ಎಂದು ಆರೋಗ್ಯ ವಿಚಾರಿಸಿದ. ನಾನು ಕಂಬಳಿ ಇನ್ನಷ್ಟು ಕೆಳಗೆಳೆದುಕೊಂಡೆ.

ದಾದರ್ ಸ್ಟೇಷನ್ನಿನಿಂದ ಮಾವನನ್ನು ಹತ್ತಿಸಿಕೊಂಡಾಗ ಕತ್ತಲಾಗುತ್ತಿತ್ತು. ಅವರ ಕೈ ಸೀದಾ ತಿರುಪಿಗೆ ಹೋಯಿತು. ತಿರುಗಿಸಿದರು. ಮತ್ತೆ ತಿರುಗಿಸಿದರು. ಮಾಹಿಮ್ ಬಳಿ ಕಾರು ಎರಡು ಸಲ ಕೆಮ್ಮಿ ನಿಂತಿತು.

"ಪೆಟ್ರೋಲ್ ಎಷ್ಟಿದೆ?"

ಬಗ್ಗಿ ನೋಡಿದೆ. ಕೆಂಪು ಬೆಳಕಿನಲ್ಲಿ ಬಿಳಿ ಫಲಕದ ಮೇಲಿನ ಕೆಂಪು ಮುಳ್ಳು ಕರಗಿಹೋಗಿತ್ತು. ಹಗಲಲ್ಲಿ ಕಾಣುತ್ತಿತ್ತು, ಆದರೆ ನಾನು ನೋಡುತ್ತಿದ್ದುದು ದೀಪವನ್ನು.

"ಮುಳ್ಳೆಲ್ಲಿ ಅಳಿಯಂದ್ರೇ?"

"ಇದೆ ಮಾವ. ಕಾಣ್ತಿಲ್ಲ ಅಷ್ಟೆ."

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು, ಬಾಗಿಲು ತೆರೆದು ಇಳಿದರು. "ನೀವು ಸ್ಟೀರಿಂಗ್ ಹಿಡೀರಿ. ನಾನು ತಳ್ತೀನಿ." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಪ್ಪತ್ತರ ಮಾವ ತಳ್ಳುವ ಕಾರಿನೊಳಗೆ ಕೂರುವ ಸುಖ ಶತ್ರುವಿಗೂ ಬೇಡ ಎಂದು ನಾನೂ ಇಳಿದೆ. ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗ್ ಹಿಡಿದೆ, ಹಾರ್ನುಗಳ ನಡುವೆ ಇಬ್ಬರೂ ತಳ್ಳಿದೆವು.

ಅದೇ ವಾರ ಕಾರು ಪುಣೆಗೆ ಹೋಯಿತು. ಮಾತ್ರೆ ಡಬ್ಬಿಯಲ್ಲಿಟ್ಟಿದ್ದ ಹಳೇ ಬಲ್ಬುಗಳನ್ನೂ ಕಳಿಸಿಕೊಟ್ಟೆ. ತಿಂಗಳ ನಂತರ ಷಡ್ಡಕನ ಫೋನು: "ಅಣ್ಣ, ಬಲ್ಬೆಲ್ಲ ಚೆನ್ನಾಗೇ ಇವೆ. ಮೇಲೆ ಧೂಳು ಹತ್ತಿತ್ತು, ಕರ್ಚೀಫಲ್ಲಿ ಒರೆಸಿ ಹಾಕ್ದೆ. ನೀವು ಒರೆಸಿ ನೋಡಿರಲಿಲ್ವಾ?"

ಈಗ ಮನೆಯಲ್ಲಿ ಯಾವ ದೀಪ ಮಂಕೆಂದು ನಾನು ಗೊಣಗಿದರೂ ಹೆಂಡತಿ ಸ್ಕ್ರೂಡ್ರೈವರ್ ಬಚ್ಚಿಡುತ್ತಾಳೆ. ಆಮೇಲೆ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ವಾಪಸು ಇಡುತ್ತಾಳೆ.