ನಿಂತಲ್ಲೇ ಓಡುತ್ತಿದ್ದ ಗಾಡಿ

ವಾದದಲ್ಲಿ ಗೆದ್ದವನಿಗೆ ಷೀಲ್ಡ್ ಸಿಗುತ್ತದೆ. ಸತ್ಯವೂ ಸಿಗುತ್ತದೆಂದು ಯಾರೂ ಭರವಸೆ ಕೊಡುವುದಿಲ್ಲ. ಇದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರುದ್ಧವಾಗಿ ಮಾತಾಡಿ ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದವನು ನಾನು. ಇಂಥವನೊಬ್ಬ ಮನೆಯಲ್ಲಿದ್ದರೆ ಏನಾಗುತ್ತದೆಂದು ಅಮ್ಮನನ್ನು ಕೇಳಬೇಕು. ಹಾಲು ಒಡೆದಿದೆ ಅಂತ ಅವಳು ಅಂದರೆ, ‘ಒಡೆದಿದೆಯೋ, ಒಡೆದಂತೆ ಕಾಣುತ್ತಿದೆಯೋ?’ ಎನ್ನುತ್ತಿದ್ದೆ. ಅವಳು ಲೋಟವನ್ನು ನನ್ನ ಮುಂದೆ ಕುಕ್ಕಿ, ‘ಕುಡಿದು ನೀನೇ ಹೇಳು’ ಎಂದು ಹೋಗಿಬಿಡುತ್ತಿದ್ದಳು.

ನನ್ನ ಸೋದರಮಾವನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಮನುಷ್ಯ, ಮಾತು ಕಡಿಮೆ. ಅವರು ಬದುಕಿನಲ್ಲಿ ಮಾಡಿದ ಒಂದೇ ಒಂದು ಅವಿವೇಕವೆಂದರೆ ಒಂದು ಹಳೆಯ ಜಪಾನಿ ಗಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು, ಸಾಲದ್ದಕ್ಕೆ ಆಟೋಮ್ಯಾಟಿಕ್ಕು. ಭದ್ರಾವತಿಯಲ್ಲಿ ಕೆಲಸಕ್ಕಿದ್ದ ಪರದೇಶದ ಎಂಜಿನಿಯರೊಬ್ಬರು ಊರು ಬಿಡುವಾಗ ಮಾವನಿಗೆ ಮಾರಿ ಹೋಗಿದ್ದರು. ತೊಂಬತ್ತರ ದಶಕದ ಶಿವಮೊಗ್ಗದಲ್ಲಿ ಕ್ಲಚ್ಚಿಲ್ಲದ ಗಾಡಿ ಎಂದರೆ ಜನ ಬಗ್ಗಿ ನೋಡುತ್ತಿದ್ದರು, ಎಲ್ಲೋ ಬಚ್ಚಿಟ್ಟಿರಬೇಕೆಂದು. ಭಾನುವಾರ ಬೆಳಿಗ್ಗೆ ಮಾವ ನನ್ನನ್ನು ಕೂರಿಸಿಕೊಂಡು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೊರಡುವರು. ಅಲ್ಲಿ ಆನೆಗಳು ತುಂಗೆಯ ನೀರಿನಲ್ಲಿ ಮಗ್ಗುಲಾಗಿ ಮೈ ಉಜ್ಜಿಸಿಕೊಳ್ಳುತ್ತಿದ್ದರೆ, ಮಾವ ಸ್ಟಿಯರಿಂಗಿನ ಮೇಲೆ ಗದ್ದ ಊರಿ ನೋಡುತ್ತಾ ಕೂರುವರು. ನೀರಿನ ಮೇಲಿನ ಬಿಳಿ ಹಬೆ, ಆನೆಯ ಕಣ್ಣು, ಮಾವನ ಕಣ್ಣು, ಎಲ್ಲ ಅರ್ಧ ಮುಚ್ಚಿರುತ್ತಿದ್ದವು. ವಾರದಲ್ಲಿ ಆ ಎರಡು ಗಂಟೆ ಮಾತ್ರ ಅವರು ಯಾರಿಗೂ ಏನನ್ನೂ ಬಿಚ್ಚಿ ತೋರಿಸಬೇಕಾಗಿರಲಿಲ್ಲ.

ಹೀಗಿರಲು ಒಂದು ವಿಜಯದಶಮಿಯ ಬೆಳಿಗ್ಗೆ ಮಾವ ನನ್ನ ಕೈಗೆ ಕೀಲಿಕೈ ಕೊಟ್ಟು, ‘ಇವತ್ತು ನೀನೇ ಹೊರಗೆ ತೆಗಿ ಮಾರಾಯ, ನಾನು ಚಪ್ಪಲಿ ಹಾಕ್ಕೊಂಡು ಬರ್ತೀನಿ’ ಎಂದರು. ಎಂಜಿನ್ ಚಾಲೂ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಗೇರು ಇನ್ನೂ ಪಾರ್ಕಿಂಗಿನ ‘ಪಿ’ಯಲ್ಲೇ ಇತ್ತು, ಆದರೂ ಗಾಡಿ ತಾನೇ ತಾನಾಗಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ರಸ್ತೆಗೆ ಬಂದು ನಿಂತಿತು. ಮುಂದಕ್ಕೆ ಓಡಿಸುವ ‘ಡಿ’ಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಏರುದನಿಯಲ್ಲಿ ಹಾಡಿತು, ಗಾಡಿ ಅಲುಗಲಿಲ್ಲ. ರಿವರ್ಸಿಗೆ ಹಾಕಿದೆ, ಅದೇ ಹಾಡು. ಮಾವ ಬಂದು ಪಕ್ಕದಲ್ಲಿ ಕೂತರು. ಎಂಜಿನ್ ಗುನುಗುತ್ತಿತ್ತು, ಎದುರು ಮನೆಯ ಮಾವಿನ ತೋರಣ ಗಾಳಿಗೆ ಆಡುತ್ತಿತ್ತು, ನಾವಿಬ್ಬರೂ ಹೊರಟವರಂತೆ ಮುಂದೆ ನೋಡುತ್ತಾ ಅಲ್ಲೇ ಇದ್ದೆವು. ಕನಸಿನಲ್ಲಿ ಎಷ್ಟು ಓಡಿದರೂ ಬಾಗಿಲು ದಾಟುವುದಿಲ್ಲವಲ್ಲ, ಹಾಗೆ.

ನಮ್ಮ ರಸ್ತೆಯ ಗ್ಯಾರೇಜಿನವನು ಬಂದು ನೋಡಿ, ‘ಗೇರ್‌ಬಾಕ್ಸ್ ಬಿಚ್ಚಬೇಕು ಸಾರ್’ ಎಂದ.

‘ಬಿಚ್ಚಿದ್ಮೇಲೆ ಮತ್ತೆ ಜೋಡಿಸೋಕೆ ಬರುತ್ತೇನಪ್ಪ?’ ಮಾವ ಕೇಳಿದರು.

‘ಅದು ಬಿಚ್ಚಿದ್ಮೇಲೆ ಗೊತ್ತಾಗುತ್ತೆ ಸಾರ್.’

ಮಾವನ ಮುಖ ಇಳಿಯಿತು. ಇಂಥ ಗೇರ್‌ಬಾಕ್ಸನ್ನು ಬಿಚ್ಚಿ ಜೋಡಿಸಿದವರು ಊರಿನಲ್ಲಿ ಯಾರೂ ಇರಲಿಲ್ಲ. ಬಿಚ್ಚಿದರೆ ಗಾಡಿಯ ಕಥೆ ಮುಗಿಯಿತು, ಭಾನುವಾರಗಳ ಕಥೆಯೂ. ನಾನೋ, ವೇದಿಕೆ ಸಿಕ್ಕ ಖುಷಿಯಲ್ಲಿದ್ದೆ. ‘ನೋಡಿ ಮಾವ, ಪಿಯಲ್ಲಿರುವ ಗಾಡಿ ಉರುಳಬಾರದು, ಉರುಳಿತು. ಡಿಯಲ್ಲಿರುವುದು ಓಡಬೇಕು, ಓಡಲಿಲ್ಲ. ಎಂಜಿನ್ ಸರಿಯಿದೆ, ಚಕ್ರಗಳು ತಿರುಗುತ್ತವೆ. ನಡುವೆ ಉಳಿದದ್ದು ಗೇರ್‌ಬಾಕ್ಸ್ ಒಂದೇ. ಬಿಚ್ಚಲೇಬೇಕು’ ಎಂದು ಗಂಟೆಗಟ್ಟಲೆ ಪ್ರತಿಪಾದಿಸಿದೆ. ಗ್ಯಾರೇಜಿನವನು ತಲೆದೂಗಿದ. ಮಾವ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಕೊನೆಗೆ, ‘ಒಂದ್ಸಲ ಸೆಲ್ವಣ್ಣನಿಗೆ ತೋರಿಸೋಣ. ಅವನೂ ಬಿಚ್ಚು ಅಂದ್ರೆ ಬಿಚ್ಚೋಣ’ ಎಂದರು. ಸೆಲ್ವಣ್ಣ ಭದ್ರಾವತಿಯ ಜನ್ನಾಪುರದ ಹಳೇ ಫಿಟ್ಟರ್. ಆ ಎಂಜಿನಿಯರ ಕಾಲದಲ್ಲಿ ಇದೇ ಗಾಡಿಯನ್ನು ನೋಡಿಕೊಳ್ಳುತ್ತಿದ್ದವರು.

ಮರುದಿನ ಪರಿಚಯದವರ ಟೆಂಪೋಗೆ ಹಗ್ಗ ಕಟ್ಟಿ ಹೊರಟೆವು. ಎಂಜಿನ್ನಿನ ಸದ್ದಿಲ್ಲ. ಗದ್ದೆಗಳು, ಸೈಕಲ್ಲುಗಳು, ಲೈನ್ ತಂತಿಯ ಮೇಲಿನ ಹಕ್ಕಿಗಳು ಒಂದೊಂದಾಗಿ ತೇಲಿ ಹಿಂದಕ್ಕೆ ಹೋದವು. ನಾವು ಹೋಗುತ್ತಿದ್ದೇವೋ, ಊರೇ ಹಿಂದಕ್ಕೆ ಸರಿಯುತ್ತಿದೆಯೋ ಎಂದು ಅನುಮಾನವಾಗುವಷ್ಟು ಮೆತ್ತಗೆ. ಹೀಗೇ ಯಾವತ್ತೂ ಯಾರಾದರೂ ಎಳೆದುಕೊಂಡು ಹೋಗುತ್ತಿದ್ದರೆ ಎಷ್ಟು ಚೆನ್ನ ಎನ್ನಿಸಿತು. ಪಕ್ಕದಲ್ಲಿ ಮಾವ ಮಾತ್ರ ಹಗ್ಗವನ್ನೇ ನೋಡುತ್ತಿದ್ದರು.

ಜನ್ನಾಪುರದಲ್ಲಿ ಸೆಲ್ವಣ್ಣ ಟೀ ಲೋಟ ಹಿಡಿದು ನನ್ನ ವಾದವನ್ನು ಪೂರ್ತಿ ಕೇಳಿದರು.

‘ಮುಗೀತಾ ತಂಬಿ?’

‘ಇನ್ನೊಂದು ಅಂಶ ಇದೆ.’

‘ಅದನ್ನೂ ಹೇಳ್ಬಿಡು. ಟೀ ಹೆಂಗೂ ಆರೋಯ್ತು.’

ಅದನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟು ಒಳಗೆ ಕೂತು, ದೊಡ್ಡ ಗೇರಿನ ಪಕ್ಕದಲ್ಲಿದ್ದ, ಮಾವ ಯಾವತ್ತೂ ಮುಟ್ಟದ ಸಣ್ಣ ಗೇರಿನ ಹಿಡಿಯನ್ನು ಕಟಕ್ಕೆಂದು ಮುಂದಕ್ಕೆ ತಳ್ಳಿ, ಎಂಜಿನ್ ಚಾಲೂ ಮಾಡಿದರು. ಗಾಡಿ ನಮ್ಮನ್ನು ರಸ್ತೆಯಲ್ಲೇ ಬಿಟ್ಟು ಓಣಿಯ ತುದಿಗೆ ಹೋಗಿ, ತಿರುಗಿಕೊಂಡು ಬಂತು.

‘ಗೇರ್‌ಬಾಕ್ಸ್ ಅನ್ನೋ ದೊಡ್ಡ ಡಬ್ಬ ಕೊಟ್ಟಿದ್ದನ್ನ ಹಿಂದಿನ ಚಕ್ರ, ಮುಂದಿನ ಚಕ್ರ ಅಂತ ಹಂಚೋಕೆ ಇನ್ನೊಂದು ಸಣ್ಣ ಡಬ್ಬ ಇದೆ ತಂಬಿ. ಅದನ್ನ ಯಾರೋ ನ್ಯೂಟ್ರಲ್‌ಗೆ ಎಳೆದವ್ರೆ. ಆಮೇಲೆ ನೀನು ಪಿ ಹಾಕು, ಡಿ ಹಾಕು, ಚಕ್ರಕ್ಕೆ ಸುದ್ದೀನೇ ಮುಟ್ಟಲ್ಲ. ಹಂಗೆ ಇದ್ದಿದ್ದೂ ಒಳ್ಳೇದೇ ಆಯ್ತು. ಇಲ್ದಿದ್ರೆ ಇಷ್ಟು ದೂರ ಎಳೆದಿದ್ದಕ್ಕೆ ದೊಡ್ಡ ಡಬ್ಬ ನಿಜವಾಗ್ಲೂ ಹೋಗಿರೋದು.’ ಸಣ್ಣ ಗೇರಿನ ಬುಡದಿಂದ ಅವರು ಒಂದು ತುಂಡು ದಾರ ಎಳೆದರು. ಅದರಲ್ಲಿ ಬಾಡಿದ ಸೇವಂತಿಗೆಯೊಂದು ನೇತಾಡುತ್ತಿತ್ತು. ‘ಇದೇನಿದು?’

ಇದೇನೆಂದು ನನಗೆ ಗೊತ್ತಿತ್ತು. ಆಯುಧಪೂಜೆಯ ದಿನ ನಮ್ಮತ್ತೆ ಹಿಡಿಯಿರುವ ಸಕಲ ವಸ್ತುವಿಗೂ ಹೂವು ಕಟ್ಟುತ್ತಾರೆ. ಅಂಗಡಿಯ ಕತ್ತರಿ, ಹೊಲಿಗೆ ಮೆಷಿನ್ನು, ಗಾಡಿಯ ಎರಡೂ ಗೇರು. ಮರುದಿನ ಬೆಳಿಗ್ಗೆ ಮಾವ ಚಪ್ಪಲಿ ಹುಡುಕುತ್ತಿದ್ದಾಗ, ಕಬ್ಬಿಣಕ್ಕೆ ಯಾಕೆ ಪೂಜೆ ಎಂದು ಆ ಹೂವಿಗೇ ಒಂದು ಭಾಷಣ ಬಿಗಿದು, ಎರಡೂ ಕೈಯಲ್ಲಿ ಜಗ್ಗಿ ಕಿತ್ತವನು ನಾನು. ಗಂಟು ಗಟ್ಟಿಯಿತ್ತು. ಕಟಕ್ಕೆಂದಾಗ ದಾರ ಹರಿಯಿತೆಂದುಕೊಂಡೆ. ಅತ್ತೆಯ ನಂಬಿಕೆ ಗಾಡಿಗೆ ಏನೂ ಮಾಡಿರಲಿಲ್ಲ. ನಿಲ್ಲಿಸಿದ್ದು ನನ್ನ ಅಪನಂಬಿಕೆ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ. ಸೆಲ್ವಣ್ಣ ಕೆಮ್ಮು ಬರುವವರೆಗೂ ನಕ್ಕರು. ಮಾವ ನಗಲಿಲ್ಲ. ಬಾಗಿಲು ತೆಗೆದು, ‘ನೀನೇ ಓಡಿಸು’ ಎಂದರು.

ಊರು ದಾಟಿದ ಮೇಲೆ ಕಿಟಕಿಯ ಆಚೆ ನೋಡುತ್ತಾ ಮೆಲ್ಲಗೆ ಅಂದರು: ‘ಅಲ್ಲ ಮಾರಾಯ, ನಿನ್ನೆ ನಿನ್ನ ವಾದದಲ್ಲಿ ಒಂದು ತಪ್ಪೂ ನಂಗೆ ಸಿಗ್ಲಿಲ್ಲ. ನಾನು ಒಪ್ಕೊಂಡಿದ್ರೆ ಈಗ ಇಬ್ರೂ ಬಸ್ಸಿನಲ್ಲಿ ನಿಂತ್ಕೊಂಡು ಹೋಗ್ತಿದ್ವಿ.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವೆಂದು ತಿಳಿಯಬೇಡಿ, ಮೂರಿದ್ದವು. ಆದರೆ ಮಾವ ಆಗಲೇ ಸೀಟಿಗೆ ತಲೆಯೊರಗಿಸಿ ಕಣ್ಣು ಅರ್ಧ ಮುಚ್ಚಿದ್ದರು. ಕ್ಲಚ್ಚಿಲ್ಲದ ಗಾಡಿಯಲ್ಲಿ ಎಡಗಾಲಿಗೆ ಕೆಲಸವಿಲ್ಲ. ಶಿವಮೊಗ್ಗ ಬರುವವರೆಗೂ ನನ್ನ ನಾಲಗೆಯೂ ಅದರ ಜೊತೆಗೇ ಸುಮ್ಮನಿತ್ತು. ಅದರಿಂದ ಗಾಡಿ ಒಂದಿಷ್ಟೂ ನಿಧಾನವಾಗಲಿಲ್ಲ ಎನ್ನುವುದೇ ನನಗೆ ಇಂದಿಗೂ ಸಹಿಸಲಾಗದ ಸಂಗತಿ.