ಗೋಡೆಯ ಮೈಗಳ್ಳತನ

ರಗ್ಬಿ ತಂಡದವರೆಲ್ಲ ‘ಗೋಡೆ’ ಎಂದು ಕರೆಯುತ್ತಿದ್ದ ಆ ದೈತ್ಯನ ನೆಮ್ಮದಿ ಕೆಡಿಸಿದ್ದು ಬೆಂಕಿಪೊಟ್ಟಣದಷ್ಟಿದ್ದ ಒಂದು ಸೆನ್ಸರ್. ಅಭ್ಯಾಸದ ಹೊತ್ತಿನಲ್ಲಿ ಎಲ್ಲರೂ ಅದನ್ನು ಬನಿಯನ್ನಿನ ಬೆನ್ನಮೇಲಿನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಯಾರು ಎಷ್ಟು ದುಡಿದರೆಂದು ಅದು ಹೇಳುತ್ತದಂತೆ. ಆ ಬೆಳಿಗ್ಗೆ ಅದು ಹೇಳಿದ್ದು, ಆಡುವ ಹದಿನೈದು ಜನರಲ್ಲಿ ಎಲ್ಲರಿಗಿಂತ ಕಡಿಮೆ ದುಡಿದವನು ಗೋಡೆ ಎಂದು.

“ನಾಳೆ ಫೈನಲ್‌ನಲ್ಲಿ ಮೈಗಳ್ಳರಿಗೆ ಜಾಗ ಇಲ್ಲ,” ಎಂದ ಕೋಚ್. “ಸಂಜೆಯೊಳಗೆ ನಿನ್ನ ಅಂಕಿ ಏರ್ಬೇಕು, ಅಷ್ಟೇ.”

ಗೋಡೆಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಆಡಿ ಅವನು ಕಂಡ ಮೊದಲ ಫೈನಲ್ ಅದು. ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಒತ್ತಿ ತಳ್ಳಾಡುವಾಗ ನಟ್ಟನಡುವೆ ನಲುಗುವವನು ಅವನು. ಆ ದರಿದ್ರ ಸೆನ್ಸರಿಗೋ ಓಟವೊಂದೇ ಲೆಕ್ಕ! ನಿಂತಲ್ಲೇ ಹೆಣಗುವವನು ಅದರ ಪಾಲಿಗೆ ನಿದ್ದೆ ಹೊಡೆಯುವವನು!

ಸಲಹೆಗಳಿಗೇನು ಬರವಿರಲಿಲ್ಲ. “ಸೆನ್ಸರ್ ಹಾಕ್ಕೊಂಡು ಕುಪ್ಪಳಿಸಿ ಅಣ್ಣ,” ಎಂದ ಮಾಲೀಸಿನವ. ಗೋಡೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಪ್ಪಳಿಸಿದ. ತಲೆ ತಗಲಿ ಟ್ಯೂಬ್‌ಲೈಟ್ ಚೂರುಚೂರಾಯಿತು. “ಮೈದಾನ ಸುತ್ತೋ ಗುರು,” ಎಂದ ತಂಡದ ಓಟಗಾರ. ಸುತ್ತುವಾಗ ನೀರಿನ ಪೈಪು ಕಾಲಿಗೆ ತೊಡರಿ, ಗೋಡೆ ಕೆಸರಿನಲ್ಲಿ ದೊಪ್ಪನೆ ಬಿದ್ದ. ಮಾಲಿ ಅವನ ವಂಶವನ್ನೆಲ್ಲ ಬೈದ. ಅಂಕಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಸಂಜೆ ಅವನ ತಾಳ್ಮೆಯ ಕಟ್ಟೆ ಒಡೆಯಿತು. “ಒಂದೇ ಒಂದ್ಸಲ ನನ್ನೆದುರು ನೀವೇ ಭುಜ ಕೊಡಿ ಸಾರ್! ಆಮೇಲೆ ಮೈಗಳ್ಳ ಅನ್ನಿ!”

ಕೋಚ್ ಹಮ್ಮಿನಿಂದಲೇ ಭುಜ ಕೊಟ್ಟ. ಮರುಕ್ಷಣ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.

“ಮೇಡಂ,” ಎಂದು ನರಳಿದ, “ಇವನ ತಳ್ಳಾಟಾನೂ ಲೆಕ್ಕಕ್ಕೆ ಸೇರಿಸಿ.”

ಸೆನ್ಸರ್ ನೋಡಿಕೊಳ್ಳುವ ಮೇಡಂ ಪಾಪ, ಓಟವನ್ನಷ್ಟೇ ಎಣಿಸಿದ್ದಕ್ಕೆ ಕ್ಷಮೆ ಕೇಳಿ, ಸೆನ್ಸರಿನಲ್ಲಿ ದಾಖಲಾಗಿದ್ದ ವಾರದ ತಳ್ಳಾಟ, ಡಿಕ್ಕಿಗಳನ್ನೆಲ್ಲ ಕೂಡಿಸಿದರು. ಪರದೆಯ ಮೇಲೆ ಗೋಡೆಯ ಅಂಕಿ ಎಲ್ಲರನ್ನೂ ಹಿಂದೆ ಹಾಕಿ ಏರುತ್ತ ಏರುತ್ತ ಕೆಂಪಾಯಿತು. ಗೋಡೆ ಎದೆಯುಬ್ಬಿಸಿ ನಿಂತ.

“ನಿನ್ನಷ್ಟು ದುಡಿಯೋನು ಈ ತಂಡದಲ್ಲೇ ಇಲ್ಲ ಕಣೋ,” ಎಂದು ಕೋಚ್ ಅವನ ಬೆನ್ನು ತಟ್ಟಿದ. “ಕೆಂಪು ಅಂದ್ರೆ ಮೈ ಪೂರ್ತಿ ದಣಿದಿದೆ ಅಂತ. ನಾಳೆ ಆಡ್ಬೇಡ, ಮನೇಲಿ ಮಲ್ಕೋ.”

“ಮತ್ತೆ ನನ್ನ ಜಾಗದಲ್ಲಿ ತಳ್ಳೋರ್ಯಾರು?” ಗೋಡೆ ಕಿರುಚಿದ.

ಮೇಡಂ ಪರದೆ ನೋಡಿ ಸಂತೋಷದಿಂದ ಹೇಳಿದರು: “ನಿಮ್ಮ ಬದಲಿ ಆಟಗಾರ. ವಾರವೆಲ್ಲ ಕೂತೇ ಇದ್ರು ನೋಡಿ, ಅಚ್ಚ ಹಸಿರು!”