ಹಳೇ ಪಲ್ಪರ್ ಮನೆಯಲ್ಲಿ ಕಲೆ

ಹಾಜರಿ, ಲೆಕ್ಕ ಬರೆಯುವ ಎಸ್ಟೇಟಿನ ರೈಟರಿಗೆ ನಗಲು ಕಾರಣ ಹುಡುಕುವ ಕಷ್ಟವಿಲ್ಲ. ಬೆಳಿಗ್ಗೆ ಆಫೀಸು ತೆರೆಯುವ ಮುಂಚೆಯೇ ಅದು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದಲ್ಲಿದ್ದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಹಳೇ ಪಲ್ಪರ್ ಮನೆ ಅಲ್ಲಿ ಪಾಳು ಬಿದ್ದಿತ್ತು. ತೋಟದ ಸಾವುಕಾರರ ತಮ್ಮನ ಮಗಳು ಮದರಾಸಿನಲ್ಲಿ ಚಿತ್ರಕಲೆ ಓದಿ ಬಂದವರು, "ದೊಡ್ಡಪ್ಪ, ಈ ತುಕ್ಕು, ಈ ಗೋಣಿ, ಇಲ್ಲಿ ದುಡಿದವರ ಕೈ, ನನ್ನ ಕಲೆಗೆ ಇಷ್ಟು ಸಾಕು" ಎಂದು ಅದರ ಬೀಗದ ಕೈ ಇಸಕೊಂಡರು. ನಮಗೆಲ್ಲ ಅವರು ಅಮ್ಮಾವ್ರು; ಅವರ ಸಹಾಯಕ್ಕೆ ನಾನು.

ಗೋಣಿ

ಗೋಡೆಗೆ ತೂಗುಹಾಕಲು ಹರಿದ ಗೋಣಿಚೀಲ ಬೇಕಂತೆ. ಹೊಸ ಚೀಲದ ಕಟ್ಟು ಹೊತ್ತು ಅಮ್ಮತ್ತಿಯ ಕಾಕಾನ ಅಂಗಡಿಗೆ ಹೋದೆ. "ಇದು ತಗೊಂಡು ಹರಿದದ್ದು ಕೊಡಿ" ಎಂದೆ. ಕಾಕಾ ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಆಮೇಲೆ ಹಳೇ ಚೀಲಗಳನ್ನು ಒಂದೊಂದಾಗಿ ಎಳೆದು ಹಾಕಿದ. ನಾನು ಎಲ್ಲಕ್ಕೂ, "ಇನ್ನೂ ಹರಿದದ್ದು ಇಲ್ವಾ?" ಎನ್ನುತ್ತಿದ್ದೆ.

ಕೊನೆಗೆ ಕಾಕಾ ಕೈಮುಗಿದ. "ರೈಟರೇ, ಇದಕ್ಕಿಂತ ಹರಿದದ್ದು ಬೇಕಂದ್ರೆ ನಾನು ಬರೀ ತೂತು ಕೊಡಬೇಕಾಗ್ತದೆ."

ಕೈ

ಕೂಲಿಯವರ ಸಾಲುಮನೆ, ಅಂದರೆ ಲೈನಿನ ಹಿರಿಯ ಹೆಂಗಸೊಬ್ಬಳ ಕೈಯ ಅಚ್ಚು ತೆಗೆಯಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಹಣ್ಣು ಕೊಯ್ದ ಕೈ ಅದು. ಅಮ್ಮಾವ್ರು ಅದಕ್ಕೆ ಎಣ್ಣೆ ಸವರಿ, ಪ್ಲಾಸ್ಟರ್ ಮೆತ್ತಿ, "ಅಜ್ಜಿ, ಒಣಗುವವರೆಗೆ ಕೈ ಅಲ್ಲಾಡಿಸಬಾರದು" ಎಂದರು. ಅಜ್ಜಿ ಗೋಡೆಗೊರಗಿ ಕೂತಳು. ಹೊರಗೆ ಕೆಲಸ ಮಾಡಿಸುವ ಮೇಸ್ತ್ರಿ ಕೂಗುತ್ತಿದ್ದ, ಉಳಿದವರು ಬುಟ್ಟಿ ಹೊತ್ತು ಓಡುತ್ತಿದ್ದರು.

ಅಜ್ಜಿ ಮೆಲ್ಲಗೆ ಎಡಗೈ ಚಾಚಿದಳು. "ಅಮ್ಮಾವ್ರೇ, ಇದಕ್ಕೂ ಮೆತ್ತಿಬಿಡಿ. ಸ್ವಲ್ಪ ದಪ್ಪಕ್ಕೇ ಮೆತ್ತಿ, ಸಂಜೆವರೆಗೆ ಒಣಗಲಿ."

ಪ್ರದರ್ಶನ

"ಯಾರೂ ನೋಡಲು ಬರದಿದ್ದರೆ ಈ ಮನೆ ಕೆಡವಿಸಿ ಕೊಟ್ಟಿಗೆ ಕಟ್ಟಿಸ್ತೇನೆ" ಎಂದಿದ್ದರು ಸಾವುಕಾರರು. ಆ ಭಾನುವಾರ ಮಡಿಕೇರಿಯಿಂದ ಕರೆದಿದ್ದ ದೊಡ್ಡವರು ಒಬ್ಬರೂ ಬರಲಿಲ್ಲ. ಅಮ್ಮಾವ್ರ ಕಣ್ಣು ತುಂಬಿತು. "ಯಾರು ಬಂದರೆಷ್ಟು ಬಿಟ್ಟರೆಷ್ಟು, ಶುರು ಮಾಡೋಣ" ಎಂದು ಅಲ್ಲಿ ತೂಗುತ್ತಿದ್ದ ಹಳೇ ರೈಲುಕಂಬಿಗೆ ಸುತ್ತಿಗೆಯಿಂದ ಹೊಡೆದರು.

ಒಂದು ಕಾಲದಲ್ಲಿ ಅದು ಕೆಲಸದ ಗಂಟೆ! ಲೈನಿನವರೆಲ್ಲ ಬುಟ್ಟಿ, ಚೀಲ ಹಿಡಿದು ಬಿದ್ದೆದ್ದು ಬಂದರು. ಮೇಸ್ತ್ರಿ ಸಾಲು ನಿಲ್ಲಿಸಿ, "ಏನು ಕೆಲಸ ಅಮ್ಮಾವ್ರೇ?" ಎಂದ.

"ಏನೂ ಇಲ್ಲ ಮೇಸ್ತ್ರಿ, ಒಳಗೆ ಬಂದು ನೋಡಿ, ಅಷ್ಟೇ."

ಒಬ್ಬರ ಹಿಂದೊಬ್ಬರು ಗಂಭೀರವಾಗಿ ಒಳಗೆ ಹೋಗಿ, ಒಂದನ್ನೂ ಬಿಡದೆ ನೋಡಿದರು. ಆ ಸಾಲು ಕಂಡು ಸಾವುಕಾರರು ಮೆತ್ತಗಾದರು. "ಇರಲಿ ಮಗಳೇ, ಕೆಡವೋದಿಲ್ಲ" ಎಂದರು. ಅಮ್ಮಾವ್ರು ಅಳುತ್ತಲೇ ನಕ್ಕರು.

ಅಷ್ಟರಲ್ಲಿ ಮೇಸ್ತ್ರಿ ತಲೆಯ ಮುಂಡಾಸು ಬಿಚ್ಚಿ ನನ್ನ ಬಳಿ ಬಂದ.

"ರೈಟರೇ, ಎಲ್ಲ ನೋಡಿ ಮುಗಿಸಿದೆವು. ಇಷ್ಟಕ್ಕೇ ಪೂರಾ ದಿನದ ಹಾಜರಿ ಹಾಕ್ತೀರೋ, ಇಲ್ಲ ಊಟ ಮಾಡಿ ಬಂದು ಮತ್ತೆ ನೋಡಬೇಕೋ?"